ಮಗಳಿಗೆ ಮೈತುಂಬ ಪಿತ್ತದ ಗಂಧೆ: ವಿರಾಜಪೇಟೆಯ ಈ ಮಕ್ಕಳ ಕ್ಲಿನಿಕ್ ಬಗ್ಗೆ

ಮಗಳಿಗೆ ಊಟ ಬಿಡಿಸೋ ಮೊದಲೇ ಇಲ್ಲಿಗೆ ಬರಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತೆ. ನಾಲ್ಕು ವರ್ಷದ ಮಗು. ಈ ಕ್ಲಿನಿಕ್‌ಗೆ ಕರೆದುಕೊಂಡು ಬಂದಾಗ ಅವಳ ಮೈಮೇಲೆ ಗಂಧೆ ಏಳೋಕೆ ಶುರುವಾಗಿ ಹದಿನಾಲ್ಕು ದಿನ ಆಗಿತ್ತು. ಹಾಲು, ಮೊಟ್ಟೆ, ಗೋಧಿ, ಮೀನು ಎಲ್ಲ ನಿಲ್ಲಿಸಿ ಐದು ದಿನ. ಗಂಜಿ ತಟ್ಟೆ ಕಂಡರೆ ಸಾಕು, ಅಳೋಕೆ ಶುರು ಮಾಡುತ್ತಿದ್ದಳು. ನಮ್ಮ ಹಾಗೆ ಇನ್ನೊಂದು ಮನೆಯವರು ಅಲೆದಾಡೋದು ಬೇಡ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಮನೆ ಅಮ್ಮತ್ತಿ ಕಡೆ, ಕಾಫಿ ತೋಟದ ಮಧ್ಯೆ. ಆಗಸ್ಟ್ 3ಕ್ಕೆ ನಮ್ಮ ಕೊಡಗಲ್ಲಿ ಕಕ್ಕಡ ಹದಿನೆಂಟು, ಮದ್ದು ಸೊಪ್ಪು ತಿನ್ನೋ ದಿನ ಅಲ್ವಾ, ಎಲ್ಲರ ಮನೆಯಂತೆ ನಮ್ಮಲ್ಲೂ ಮದ್ದು ಸೊಪ್ಪಿನ ಪಾಯಸ ಮಾಡಿದ್ದೆವು, ಮಗಳೂ ಎರಡು ಸಲ ಹಾಕಿಸಿಕೊಂಡು ತಿಂದಳು. ಎರಡು ದಿನ ಕಳೆದು ಸಂಜೆ ಹೊಟ್ಟೆ ಮೇಲೆ ನಾಲ್ಕೈದು ಗುಳ್ಳೆ ಕಾಣಿಸಿದವು, ಸೊಳ್ಳೆ ಕಚ್ಚಿದ ಹಾಗೆ. ಅರ್ಧ ಗಂಟೆಯಲ್ಲಿ ಅವೆಲ್ಲ ಒಂದಕ್ಕೊಂದು ಸೇರಿ ನನ್ನ ಅಂಗೈ ಅಗಲ ಆದವು, ನಡುವೆ ಬೆಳ್ಳಗೆ, ಅಂಚು ಕೆಂಪಗೆ. ಒಂದು ಕಡೆ ಇಳಿದರೆ ಇನ್ನೊಂದು ಕಡೆ ಏಳೋದು. ರಾತ್ರಿಯಿಡೀ "ಅಮ್ಮಾ, ಇಲ್ಲಿ ತುರಿಸು, ಇಲ್ಲಿ ತುರಿಸು" ಅಂತ ಬೆನ್ನು ತಿರುಗಿಸುತ್ತಲೇ ಇದ್ದಳು.

ಅತ್ತೆ ಪಿತ್ತ ಎದ್ದಿದೆ, ಕಂಬಳಿಯಲ್ಲಿ ಉಜ್ಜಿದರೆ ಇಳಿಯುತ್ತೆ ಅಂದರು. ಪುನರ್ಪುಳಿ ಶರಬತ್ತು ಮಾಡಿ ಕುಡಿಸಿದರು. ಅವರು ನಾಲ್ಕು ಮಕ್ಕಳನ್ನು ಸಾಕಿದವರು, ಪ್ರೀತಿಯಿಂದಲೇ ಮಾಡಿದ್ದು. ಆದರೆ ಕಂಬಳಿ ತಾಗಿದ ಕಡೆಯೆಲ್ಲ ಇನ್ನೂ ಜಾಸ್ತಿ ಎದ್ದಿತು. ಮಾರನೇ ದಿನ ಒಂದು ಮೆಡಿಕಲ್ ಶಾಪ್‌ನಲ್ಲಿ ಹೇಳಿದಾಗ ಮಗುವಿನ ತೂಕ ಕೂಡ ಕೇಳದೆ ಒಂದು ಸಿರಪ್ ಕೊಟ್ಟರು. ಕುಡಿದು ಮಗು ಮಧ್ಯಾಹ್ನವೆಲ್ಲ ಮಂಪರಲ್ಲೇ ಇತ್ತು, ಎದ್ದ ಮೇಲೆ ಗಂಧೆಯೂ ಎದ್ದಿತು. ಆಮೇಲೆ ಮೈಸೂರಿಗೆ ನೆಂಟರ ಮನೆಗೆ ಹೋದಾಗ ಯಾರೋ ಹೇಳಿದರು ಅಂತ ಒಂದು ಲ್ಯಾಬ್‌ನಲ್ಲಿ ಅಲರ್ಜಿಯ ರಕ್ತ ಪರೀಕ್ಷೆ ಮಾಡಿಸಿದೆವು. ಯಾವ ಡಾಕ್ಟರ ಚೀಟಿಯೂ ಇಲ್ಲದೆ. ನಾಲ್ಕೂವರೆ ಸಾವಿರ ರೂಪಾಯಿ. ಆರು ಪುಟದ ರಿಪೋರ್ಟ್ ಬಂತು, ಅದರಲ್ಲಿ ಹಾಲು, ಮೊಟ್ಟೆ, ಗೋಧಿ, ಸಿಗಡಿ, ಕಡಲೆಕಾಯಿ, ಮನೆ ಧೂಳು, ಹೀಗೆ ಎಷ್ಟೋ ಸಾಲುಗಳ ಪಕ್ಕ ಪಾಸಿಟಿವ್. ಅದನ್ನು ನೋಡಿ ನಾನೇ ಎಲ್ಲವನ್ನೂ ನಿಲ್ಲಿಸಿದ್ದು. ಇದಕ್ಕೆ ಬೇರೆ ಯಾರನ್ನೂ ದೂರುವುದಿಲ್ಲ.

ಈಗ ಕ್ಲಿನಿಕ್ ವಿಷಯ. ಡಾಕ್ಟರ್ ಮೇಡಂ ನಮ್ಮನ್ನು ಕೂರಿಸಿಕೊಂಡು ಸುಮಾರು ಇಪ್ಪತ್ತು ನಿಮಿಷ ಬರೀ ಪ್ರಶ್ನೆ ಕೇಳಿದರು. ಫೋನಲ್ಲಿ ಫೋಟೊ ಇದೆಯಾ ಅಂತ ಮೊದಲು ಕೇಳಿದರು, ಇತ್ತು, ಎಲ್ಲವನ್ನೂ ದೊಡ್ಡದು ಮಾಡಿ ನೋಡಿದರು. ಮನೆಯಲ್ಲಿ ನಾಯಿ ಇದೆಯಾ, ಉಣ್ಣೆ ಕಚ್ಚುತ್ತಾ, ತೋಟದಲ್ಲಿ ಕಂಬಳಿಹುಳ ತಾಗಿತ್ತಾ, ಗುಳ್ಳೆ ಬರೀ ಕಾಲಲ್ಲಿ ಬರುತ್ತಾ, ನಡುವೆ ಚುಕ್ಕೆ ಇರುತ್ತಾ ಅಂತ ಒಂದೊಂದೇ ಕೇಳಿದರು. ಹುಳ ಹುಪ್ಪಟೆ ಕಚ್ಚಿ ಬರೋ ಗುಳ್ಳೆ ಗಟ್ಟಿಯಾಗಿ ಅದೇ ಜಾಗದಲ್ಲಿ ದಿನಗಟ್ಟಲೆ ಇರುತ್ತೆ, ಹೀಗೆ ಓಡಾಡೋದಿಲ್ಲ ಅಂತ ಆಗ ನನಗೆ ಗೊತ್ತಾಯಿತು. ಪಕ್ಕದ ಲೈನ್ ಮನೆಯ ಹುಡುಗನಿಗೆ ಕಾಲಲ್ಲಿ ಆಗಾಗ ಬರೋದು ಆ ಜಾತಿಯದೇ ಇರಬೇಕು.

"ಇದಕ್ಕೆ ಮುಂಚೆ ಜ್ವರ, ನೆಗಡಿ ಏನಾದ್ರೂ ಬಂದಿತ್ತಾ?"

ಬಂದಿತ್ತು. ಜುಲೈ ಕೊನೆಯಲ್ಲಿ ಮಳೆಗೆ ಶಾಲೆಗೆಲ್ಲ ರಜೆ ಕೊಟ್ಟಿದ್ದರಲ್ಲ, ಆ ವಾರ ಅವಳಿಗೆ ಮೂಗು ಸೋರಿ ಎರಡು ದಿನ ಜ್ವರ. ಅದನ್ನು ನಾವು ಮರೆತೇಬಿಟ್ಟಿದ್ದೆವು. ಮೇಡಂ ಹೇಳಿದ್ದು ಇಷ್ಟು. ಚಿಕ್ಕ ಮಕ್ಕಳಲ್ಲಿ ಗಂಧೆ ಏಳೋಕೆ ತುಂಬ ಸಲ ಕಾರಣ ಇಂಥ ವೈರಸ್ ಸೋಂಕು, ಜ್ವರ ಬಿಟ್ಟ ಮೇಲೂ ಮೈ ಕೆಲವು ವಾರ ಹೀಗೆ ಆಡುತ್ತೆ. ಎಷ್ಟೋ ಮಕ್ಕಳಲ್ಲಿ ಕಾರಣ ಸಿಗೋದೇ ಇಲ್ಲ, ಆದರೂ ವಾಸಿಯಾಗುತ್ತೆ. ಪಾಯಸದ ಮೇಲೆ ನಮಗಿದ್ದ ಅನುಮಾನಕ್ಕೂ ಉತ್ತರ ಕೊಟ್ಟರು. ತಿಂದ ಆಹಾರಕ್ಕೆ ಮೈ ಹೀಗೆ ಉಬ್ಬೋದಾದರೆ ಸಾಮಾನ್ಯವಾಗಿ ನಿಮಿಷಗಳಲ್ಲಿ, ಇಲ್ಲ ಎರಡು ಗಂಟೆಯೊಳಗೆ ಉಬ್ಬುತ್ತೆ, ಎರಡು ದಿನ ಕಾಯೋದಿಲ್ಲ. ಹೋದ ವರ್ಷವೂ ತಿಂದಿದ್ದಳು, ಏನೂ ಆಗಿರಲಿಲ್ಲ ಅಲ್ವಾ ಅಂತ ಅತ್ತೆಯನ್ನೇ ಕೇಳಿದರು. ಅತ್ತೆ ಹೌದು ಅಂತ ತಲೆಯಾಡಿಸಿದರು.

ಅತ್ತೆಗೆ ವಿವರಿಸಿದ ರೀತಿ ನನಗೆ ತುಂಬ ಹಿಡಿಸಿತು. "ತುರಿಚೆ ಸೊಪ್ಪು ತಾಗಿದರೆ ಹೇಗೆ ದದ್ದು ಏಳುತ್ತೆ ಅಮ್ಮ, ಇದೂ ಹಾಗೇ, ಆದರೆ ಒಳಗಿಂದ" ಅಂದರು. ಚರ್ಮದ ಕೆಲವು ಜೀವಕೋಶಗಳಿಂದ ಹಿಸ್ಟಮಿನ್ ಅನ್ನೋದು ಹೊರಗೆ ಬಂದು, ಸಣ್ಣ ರಕ್ತನಾಳದಿಂದ ನೀರು ಸೋರಿ ಉಬ್ಬುತ್ತಂತೆ, ಅದೇ ತುರಿಕೆಗೂ ಕಾರಣ. ಡಾಕ್ಟರುಗಳು ಇದಕ್ಕೆ ಹೇಳೋ ಅರ್ಟಿಕೇರಿಯಾ ಅನ್ನೋ ಹೆಸರು ಬಂದಿದ್ದೂ ಅಂಥದೇ ಒಂದು ಗಿಡದಿಂದಂತೆ. ಉಜ್ಜಿದರೆ, ಬಿಸಿ ತಾಗಿದರೆ ಜಾಸ್ತಿ ಏಳುತ್ತೆ. ಅದಕ್ಕೆ ಕಂಬಳಿ ಬೇಡ, ಹಂಡೆಯ ಸುಡು ನೀರು ಬೇಡ, ಉಗುರು ಬೆಚ್ಚಗಿನ ನೀರು ಸಾಕು. ಮಳೆಗಾಲ ಅಂತ ನಾವು ಒಲೆ ಮೇಲೆ ಒಣಗಿಸಿದ ಬಟ್ಟೆಯನ್ನು ಬಿಸಿಬಿಸಿಯಾಗಿ, ಅದರ ಮೇಲೆ ಉಣ್ಣೆ ಸ್ವೆಟರ್ ಬೇರೆ ಹಾಕುತ್ತಿದ್ದೆವು. ಅದನ್ನೂ ನಿಲ್ಲಿಸಿದೆವು. ಹತ್ತಿ ಬಟ್ಟೆ ಒಳಗೆ, ಸ್ವೆಟರ್ ಹೊರಗೆ.

ಆಮೇಲೆ ಅವರು ಒಂದು ಕೆಲಸ ಮಾಡಿದರು. ಮಗಳ ಎಡ ತೊಡೆ ಮೇಲೆ ಎಂಟಾಣೆ ಅಗಲದ ಒಂದು ಗಂಧೆ ಆಗತಾನೇ ಎದ್ದಿತ್ತು. ಬೆರಳಲ್ಲಿ ಒತ್ತಿದರು, ಬಿಳಿಚಿ ಮತ್ತೆ ಕೆಂಪಾಯಿತು. ನೀಲಿ ಬಾಲ್ ಪೆನ್ನಿನಿಂದ ಅದರ ಸುತ್ತ ಗೆರೆ ಎಳೆದು ಪಕ್ಕದಲ್ಲಿ 12.20 ಅಂತ ಬರೆದರು. "ನಾಳೆ ಈ ಹೊತ್ತಿಗೆ ಗೆರೆ ಒಳಗೆ ಏನೂ ಇರಬಾರದು. ಅದೇ ಜಾಗದಲ್ಲಿ 24 ಗಂಟೆ ದಾಟಿ ಉಳಿದರೆ, ನೋವಾದರೆ, ಪೆಟ್ಟು ಬಿದ್ದ ಹಾಗೆ ಕಂದು ಕಲೆ ಉಳಿದರೆ ಆಗ ಕರೆದುಕೊಂಡು ಬನ್ನಿ, ಅದು ಬೇರೆ ಥರದ್ದು." ಮಗಳು ಸಂಜೆಯವರೆಗೆ ಫ್ರಾಕ್ ಎತ್ತಿ ಎತ್ತಿ ಅದನ್ನೇ ನೋಡಿದಳು. ಆರು ಗಂಟೆಗೆ ಅರ್ಧ ಮಾಸಿತ್ತು. ಬೆಳಗ್ಗೆ ನೀಲಿ ಗೆರೆ ಮಾತ್ರ ಇತ್ತು, ಒಳಗೆ ನುಣ್ಣಗಿನ ಚರ್ಮ, ಒಂದು ಗುರುತೂ ಇಲ್ಲ. ಮೊಣಕೈ ಹತ್ತಿರ ಹೊಸದು ಎರಡು ಎದ್ದಿದ್ದವು ನಿಜ. ಆದರೆ ಆ ಖಾಲಿ ಗೆರೆ ನೋಡಿದ ಮೇಲೆ ನನ್ನ ಎದೆ ಹೊಡೆದುಕೊಳ್ಳೋದು ನಿಂತಿತು.

ಲ್ಯಾಬ್ ರಿಪೋರ್ಟ್ ಕೊಟ್ಟಾಗ ಬದಿಗೆ ತಳ್ಳಲಿಲ್ಲ, ಪೂರ್ತಿ ಓದಿದರು. ರಕ್ತದಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಅಂತಲ್ಲ, ತಿಂದಾಗ ಏನಾಯಿತು ಅನ್ನೋದು ಮುಖ್ಯ ಅಂದರು. ಒಂದು ವರ್ಷ ಆದಾಗಿನಿಂದ ದಿನ ಬಿಟ್ಟು ದಿನ ಮೊಟ್ಟೆ ತಿಂದವಳು, ದಿನಾ ಹಾಲು ಕುಡಿದವಳು, ಯಾವತ್ತೂ ಏನೂ ಆಗಿರಲಿಲ್ಲ. ಒಂದೊಂದೇ ಪದಾರ್ಥ ಕೇಳಿ, ಎಲ್ಲಕ್ಕೂ ಅದೇ ಉತ್ತರ ಬಂದ ಮೇಲೆ "ಹಾಗಾದ್ರೆ ಯಾಕೆ ಮಗುನ ಉಪವಾಸ ಹಾಕ್ತೀರಿ, ಮೊದಲಿನ ಹಾಗೆ ಕೊಡಿ" ಅಂದರು. ಆ ರಾತ್ರಿ ಮೊಟ್ಟೆ ಪಲ್ಯ ಮಾಡಿ ಕೊಟ್ಟೆ. ಅವಳು ತಿಂದ ಪರಿ ನೋಡಿ ನನಗೆ ಅಳು ಬಂತು.

ಔಷಧಿ ಬರೆದಿದ್ದು ಎರಡೇ. ತೂಕ ನೋಡಿ ಲೆಕ್ಕ ಹಾಕಿ ಸೆಟ್ರಿಜಿನ್ ಸಿರಪ್, ಮೇಲೆ ಹಚ್ಚೋಕೆ ಕ್ಯಾಲಮೈನ್ ಲೋಷನ್. ಸಿರಪ್ಪನ್ನು ಗಂಧೆ ಎದ್ದಾಗ ಮಾತ್ರ ಅಲ್ಲ, ಹೇಳಿದಷ್ಟು ದಿನ ತಪ್ಪದೆ ಕೊಡಬೇಕು ಅಂತ ಎರಡು ಸಲ ಹೇಳಿದರು. ಮೆಡಿಕಲ್‌ನವರು ಕೊಟ್ಟಿದ್ದು ಹಳೆಯ ಥರದ, ನಿದ್ದೆ ತರಿಸೋ ಔಷಧಿ ಅಂತೆ. ನಡುವೆ ಒಂದು ದಿನ ಮೈ ಬೆಚ್ಚಗಾಗಿದೆ ಅಂತ ಐಬುಪ್ರೊಫೆನ್ ಇರೋ ಜ್ವರದ ಸಿರಪ್ ಕೊಟ್ಟಿದ್ದೆ. ಕೆಲವರಿಗೆ ಅದರಿಂದಲೇ ಗಂಧೆ ಜಾಸ್ತಿಯಾಗುತ್ತೆ, ಸದ್ಯಕ್ಕೆ ಬೇಡ ಅಂದರು. ನನ್ನ ಗಂಡ "ಒಂದು ಇಂಜೆಕ್ಷನ್ ಹಾಕಿ ಬೇಗ ಇಳಿಸೋಕೆ ಆಗಲ್ವಾ ಮೇಡಂ" ಅಂತ ಕೇಳಿದರು. ಒಂದು ದಿನ ಇಳಿದು ಮತ್ತೆ ಬರುತ್ತೆ, ಮಗುವಿಗೆ ಸುಮ್ನೆ ಸ್ಟಿರಾಯ್ಡ್ ಯಾಕೆ ಅಂದರು. ಕೇಳಿದ್ದನ್ನೆಲ್ಲ ಕೊಡೋ ಡಾಕ್ಟರ್ ಅಲ್ಲ ಇವರು, ಅದು ನನಗೆ ಇಷ್ಟವಾಯಿತು.

ಯಾವಾಗ ಕಾಯಬಾರದು ಅನ್ನೋದನ್ನು ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಟ್ಟರು. ತುಟಿ, ನಾಲಿಗೆ ಊದಿಕೊಂಡರೆ, ಉಸಿರಾಡೋಕೆ ಕಷ್ಟವಾದರೆ, ಸೀಟಿ ಊದಿದ ಹಾಗೆ ಶಬ್ದ ಬಂದರೆ, ದನಿ ಬದಲಾದರೆ, ಗಂಧೆಯ ಜೊತೆ ಮತ್ತೆ ಮತ್ತೆ ವಾಂತಿಯಾದರೆ, ಮಗು ಸುಸ್ತಾಗಿ ತಲೆ ವಾಲಿಸಿದರೆ ಸಿರಪ್ ಕುಡಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಓಡಿ. ಆಗ ಬೇಕಾಗೋದು ತೊಡೆಗೆ ಹಾಕೋ ಅಡ್ರಿನಲಿನ್ ಇಂಜೆಕ್ಷನ್. ನಮ್ಮಂಥ ತೋಟದ ಮನೆಯವರಿಗೆ ಈ ಮಾತು ಬಹಳ ಮುಖ್ಯ. ಮಳೆಗೆ ಮರ ಬಿದ್ದರೆ ರಸ್ತೆ ಇಲ್ಲ, ಕರೆಂಟ್ ಹೋದರೆ ಫೋನೂ ಸಿಗಲ್ಲ. ಮಡಿಕೇರಿಗೇ ಹೋಗೋಣ ಅಂತ ಹಟ ಹಿಡಿಯದೆ ವಿರಾಜಪೇಟೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಅಂತಲೂ ಹೇಳಿದರು.

ನಾಲ್ಕೇ ದಿನಕ್ಕೆ ರಾತ್ರಿ ನಿದ್ದೆ ಬರೋಕೆ ಶುರುವಾಯಿತು. ಶುರುವಾದ ದಿನದಿಂದ ಲೆಕ್ಕ ಹಾಕಿದರೆ ಇಪ್ಪತ್ತನಾಲ್ಕನೇ ದಿನ ಕೊನೆಯ ಗಂಧೆ ಎದ್ದಿದ್ದು. 6 ವಾರ ದಾಟಿದ್ದರೆ ಅದನ್ನು ದೀರ್ಘಕಾಲದ್ದು ಅಂತ ಕರೆದು ಬೇರೆ ರೀತಿ ನೋಡುತ್ತಾರಂತೆ, ನಮಗೆ ಅಲ್ಲಿಯವರೆಗೆ ಹೋಗಲಿಲ್ಲ. ಯಾಕೆ ಬಂತು ಅಂತ ಖಚಿತವಾಗಿ ಇವತ್ತಿಗೂ ಯಾರೂ ಹೇಳಿಲ್ಲ.

ಖರ್ಚು, ಫೀಸ್ 300 ರೂಪಾಯಿ, ಔಷಧಿ ಇನ್ನೂರರೊಳಗೆ. ಎರಡನೇ ಸಲ ತೋರಿಸೋಕೆ ಹೋದಾಗ ಫೀಸ್ ತೆಗೆದುಕೊಳ್ಳಲಿಲ್ಲ.

ಕಷ್ಟಗಳೂ ಇವೆ. ಬೆಳಗ್ಗೆ ಒಂಬತ್ತಕ್ಕೆ ಟೋಕನ್ ತೆಗೆದುಕೊಂಡರೂ ನಮ್ಮ ಸರದಿ ಬಂದಾಗ ಹನ್ನೆರಡು ಆಗುತ್ತಾ ಬಂದಿತ್ತು. ಒಬ್ಬೊಬ್ಬರನ್ನು ಇಪ್ಪತ್ತು ನಿಮಿಷ ನೋಡಿದರೆ ಹಾಗೇ ಆಗೋದು, ಅದಕ್ಕೆ ಬೇಜಾರಿಲ್ಲ. ಆದರೆ ಫೋನ್ ಎತ್ತಿದರೆ ಎಷ್ಟನೇ ಟೋಕನ್ ನಡೀತಿದೆ ಅಂತ ತಿಳಿದುಕೊಂಡು ಹೊರಡಬಹುದು, ಅಲ್ಲಿ ಕೂತಿರೋ ಹುಡುಗಿ ಫೋನ್ ಎತ್ತೋದೇ ಇಲ್ಲ. ಕಾಯೋ ಕೋಣೆ ತೀರಾ ಚಿಕ್ಕದು, ಜ್ವರ ಬಂದು ಕೆಮ್ಮೋ ಮಕ್ಕಳೂ ಲಸಿಕೆ ಹಾಕಿಸೋಕೆ ಬಂದ ಹಸುಗೂಸುಗಳೂ ಒಂದೇ ಬೆಂಚಿನಲ್ಲಿ. ಹೊರಗಿನ ವರಾಂಡಕ್ಕೆ ಒಂದು ಶೀಟ್ ಇಳಿಸಿ ಇನ್ನೊಂದು ಬೆಂಚು ಹಾಕಿದರೆ ಕೂಸುಗಳನ್ನು ಅಲ್ಲಿ ಕೂರಿಸಬಹುದು. ಮೇಡಂ, ಇದನ್ನು ಓದಿದರೆ ಮುಂದಿನ ಮಳೆಗಾಲದೊಳಗೆ ಅದೊಂದು ಮಾಡಿಸಿ.