ಎಕ್ಸ್‌ಬಾಕ್ಸ್ ಸೀರೀಸ್ ಎಸ್: ಪೈಪೋಟಿಯ ಲಾಭ ಅಂಗಡಿ ಬಾಗಿಲವರೆಗೆ

ಮೈಕ್ರೋಸಾಫ್ಟಿನ ಗೇಮ್ ಕನ್ಸೋಲ್ ಸೀರೀಸ್ ಎಸ್‌ನ ಗ್ರಾಫಿಕ್ಸ್, ಫ್ರೇಮ್ ರೇಟ್ ಬಗ್ಗೆ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ, ಅದನ್ನು ಬಿಡುತ್ತೇನೆ. ಕೆಲವು ವರ್ಷ ಬಳಸಿದ ಮೇಲೆ ನನ್ನ ತಲೆಯಲ್ಲಿ ಕೂತಿರುವುದು ಒಂದೇ ಅಂಕಿ: 364. ಪೆಟ್ಟಿಗೆಯ ಮೇಲೆ 512 ಜಿಬಿ ಎಂದಿದೆ. ಸಿಸ್ಟಮ್ ತನ್ನ ಪಾಲು ತೆಗೆದುಕೊಂಡ ಮೇಲೆ ಆಟಗಳಿಗೆ ಉಳಿಯುವುದು ಸುಮಾರು 364 ಜಿಬಿ. ನೂರು ಜಿಬಿ ದಾಟುವ ಆಟ ಮೂರು ಹಾಕಿದರೆ ಜಾಗ ಮುಗಿಯಿತು. ಅದರ ಕಥೆ ಆಮೇಲೆ ಹೇಳುತ್ತೇನೆ, ಮೊದಲು ಖುಷಿಯ ವಿಷಯ.

ನನಗೆ ಆಟಕ್ಕೆ ಸಿಗುವುದು ರಾತ್ರಿ ಮಗಳು ಮಲಗಿದ ಮೇಲಿನ ಮುಕ್ಕಾಲು ಗಂಟೆ. ಹಾಲ್ ಲೈಟ್ ಆರಿಸಿ, ಟಿವಿ ಸೌಂಡ್ ಇಳಿಸಿ, ಕಾಲು ಚಾಚಿ ಕೂತು ಕಂಟ್ರೋಲರ್ ನಡುವಿನ ಬಟನ್ ಒತ್ತುತ್ತೇನೆ. ಲೋಗೋ, ಮೆನು, ‘ಕಂಟಿನ್ಯೂ ಒತ್ತಿ’ ಯಾವುದೂ ಇಲ್ಲ. ನಿನ್ನೆ ಯಾವ ತಿರುವಿನಲ್ಲಿ ನಿಲ್ಲಿಸಿದ್ದೆನೋ ಅದೇ ತಿರುವಿನಲ್ಲಿ ಕಾರು ನಿಂತಿರುತ್ತದೆ. ಇದಕ್ಕೆ ಕ್ವಿಕ್ ರೆಸ್ಯೂಮ್ ಎನ್ನುತ್ತಾರೆ. ಒಂದಲ್ಲ, ಹಲವು ಆಟಗಳನ್ನು ಹೀಗೆ ನಡುವೆಯೇ ಬಿಟ್ಟು ಇನ್ನೊಂದಕ್ಕೆ ಹೋಗಬಹುದು. ನಿಲ್ಲಿಸಿಟ್ಟ ಸ್ಥಿತಿ ಎಸ್‌ಎಸ್‌ಡಿಯಲ್ಲಿ, ಅಂದರೆ ಒಳಗಿನ ವೇಗದ ಸ್ಟೋರೇಜ್‌ನಲ್ಲಿ, ಬರೆದಿರುವುದರಿಂದ ಹಗಲಿನಲ್ಲಿ ಕರೆಂಟ್ ಹೋಗಿ ಬಂದರೂ ಅದು ಅಳಿಯುವುದಿಲ್ಲ. ಆನ್‌ಲೈನ್ ಆಟಗಳಿಗೆ ಇದು ಕೈಕೊಡುತ್ತದೆ, ಒಬ್ಬರೇ ಆಡುವ ಆಟಗಳಿಗೆ ಮಾತ್ರ ಅಮೃತ. ನನ್ನಂಥ ಸಂಸಾರಸ್ಥರಿಗೆ ಇಷ್ಟು ಉಪಕಾರ ಮಾಡಿದ ಸೌಲಭ್ಯ ಇನ್ನೊಂದಿಲ್ಲ.

ಇದು ಪೈಪೋಟಿಯಿಂದಲೇ ಬಂದದ್ದು ಎಂದು ನಾನು ನಂಬುತ್ತೇನೆ. 2020ರ ನವೆಂಬರಿನಲ್ಲಿ ಎರಡೇ ದಿನದ ಅಂತರದಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಮತ್ತು ಸೋನಿಯ ಪ್ಲೇಸ್ಟೇಷನ್ 5 (ಪಿಎಸ್5) ಹೊರಬಂದಾಗ ಇಬ್ಬರೂ ಎದೆತಟ್ಟಿ ಹೇಳಿಕೊಂಡದ್ದು ವೇಗದ ಎಸ್‌ಎಸ್‌ಡಿ ಬಗ್ಗೆ. ಬೆಲೆಯೂ ಹಾಗೆಯೇ. ಸೀರೀಸ್ ಎಸ್ ನಮ್ಮಲ್ಲಿ 34,990 ರೂಪಾಯಿಗೆ ಬಂತು. 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಕಾಲಿಟ್ಟ ಡಿಸ್ಕ್ ಇರುವ ಪಿಎಸ್5ಗೆ 49,990. ಆ ಹದಿನೈದು ಸಾವಿರದ ವ್ಯತ್ಯಾಸ ಇರದಿದ್ದರೆ ನಮ್ಮ ಮನೆಗೆ ಕನ್ಸೋಲೇ ಬರುತ್ತಿರಲಿಲ್ಲ. ಹಿಂದಿನ ಸುತ್ತಿನಲ್ಲಿ ಹಿಂದೆ ಬಿದ್ದ ಮೈಕ್ರೋಸಾಫ್ಟ್ ಗಿರಾಕಿಗಳನ್ನು ಮರಳಿ ಗಳಿಸಲು ಅಗ್ಗದ ಮಾದರಿ ತಂದಿತು, ಲಾಭ ನನಗಾಯಿತು.

ಹಿಂದೆ ಬಿದ್ದದ್ದೂ ಒಳ್ಳೆಯ ಪಾಠವೇ. 2013ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್‌ಗೆ ಎಂಥ ನಿಯಮ ಹೇಳಿತ್ತು ನೆನಪಿಸಿಕೊಳ್ಳಿ: 24 ಗಂಟೆಗೊಮ್ಮೆ ಇಂಟರ್ನೆಟ್‌ಗೆ ಹಾಜರಿ ಹಾಕಬೇಕು, ಹಳೆಯ ಡಿಸ್ಕ್ ಮಾರಲು, ಸ್ನೇಹಿತರಿಗೆ ಕೊಡಲು ಕಟ್ಟುಪಾಡು. ಜೂನ್ 10ರಂದು ಸೋನಿ ವೇದಿಕೆಯಲ್ಲಿ ‘ನಮ್ಮ ಪಿಎಸ್4ನಲ್ಲಿ ಅದೊಂದೂ ಇಲ್ಲ, ಬೆಲೆಯೂ ನೂರು ಡಾಲರ್ ಕಡಿಮೆ’ ಎಂದು ಸಾರಿತು. 19ರಂದು ಮೈಕ್ರೋಸಾಫ್ಟ್ ಆ ನಿಯಮಗಳನ್ನೆಲ್ಲ ಕೈಬಿಟ್ಟಿತು. ಎದುರಿಗೆ ಇನ್ನೊಬ್ಬ ಮಾರುವವನು ಇರದಿದ್ದರೆ ಅದು ಒಂಬತ್ತು ದಿನದಲ್ಲಿ ಆಗುತ್ತಿತ್ತೇ? ಕೊಂಡ ಡಿಸ್ಕ್ ಕೊಂಡವರದ್ದೇ ಎಂಬ ಸಾಮಾನ್ಯ ಹಕ್ಕು ಉಳಿದದ್ದು ಹಾಗೆ.

ಈಗ 364ಕ್ಕೆ ಬರುತ್ತೇನೆ.

ಜಾಗ ಸಾಲದಿದ್ದಾಗ ಬಳಸಲು ನನ್ನ ಬಳಿ ಒಂದು ಯುಎಸ್‌ಬಿ ಹಾರ್ಡ್ ಡಿಸ್ಕ್ ಇದೆ. ಸೀರೀಸ್ ಎಸ್‌ಗೆಂದೇ ಬಂದ ಆಟಗಳನ್ನು ಅದರಲ್ಲಿ ಇಟ್ಟುಕೊಳ್ಳಬಹುದು, ಆದರೆ ಅಲ್ಲಿಂದಲೇ ಆಡಲು ಆಗದು. ಒಳಗಿನ ಎಸ್‌ಎಸ್‌ಡಿಗೆ ಸಾಗಿಸಲೇಬೇಕು. ಹಾಗಾಗಿ ನಮ್ಮ ಮನೆಯಲ್ಲಿ ಶುಕ್ರವಾರ ಸಂಜೆ ಒಂದು ಕೆಲಸ ನಿಗದಿಯಾಗಿದೆ. ವಾರವೆಲ್ಲ ಆಡಿದ್ದನ್ನು ಹೊರಗೆ ಕಳಿಸಿ, ವಾರಾಂತ್ಯಕ್ಕೆ ಬೇಕಾದ್ದನ್ನು ಒಳಗೆ ಕರೆಯುವುದು. ಊಟಕ್ಕೆ ಕೂರುವ ಮೊದಲು ಶುರು ಮಾಡಿದರೆ ಪಾತ್ರೆ ತೊಳೆದಿಟ್ಟು ಬರುವ ಹೊತ್ತಿಗೆ ಮುಗಿದಿರುತ್ತದೆ. ಯಾವ ಆಟ ಉಳಿಯಬೇಕು ಎಂದು ಮಗಳೂ ಪಕ್ಕದಲ್ಲಿ ನಿಂತು ವಾದಿಸುತ್ತಾಳೆ. ಮೈನ್‌ಕ್ರಾಫ್ಟ್ ಅಳಿಸುವಂತಿಲ್ಲ ಎಂಬುದು ಇತ್ಯರ್ಥವಾದ ವಿಷಯ. ಹಳೆಯ ಎಕ್ಸ್‌ಬಾಕ್ಸ್ ಒನ್, 360 ಕಾಲದ ಆಟಗಳು ಮಾತ್ರ ಹೊರಗಿನ ಡಿಸ್ಕಿನಿಂದಲೇ ಚೆನ್ನಾಗಿ ನಡೆಯುತ್ತವೆ. ಅವುಗಳ ಮೇಲೆ ಪ್ರೀತಿ ಹೆಚ್ಚಲು ಇದೂ ಒಂದು ಕಾರಣ.

ಮೈಸೂರಿನಲ್ಲಿರುವ ನನ್ನ ಭಾವಮೈದುನನ ಹತ್ತಿರ ಪಿಎಸ್5 ಇದೆ. 2021ರ ಸೆಪ್ಟೆಂಬರ್ ಅಪ್‌ಡೇಟ್ ನಂತರ ಅದರ ಮುಚ್ಚಳ ತೆಗೆದು, ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ಎಂ.2 ಎಸ್‌ಎಸ್‌ಡಿ ಹಾಕಬಹುದು. ಹತ್ತಾರು ಕಂಪನಿಗಳು ಅದನ್ನು ಮಾಡುತ್ತವೆ. ಯಾರದು ಅಗ್ಗವೋ, ಯಾವಾಗ ಅಗ್ಗವೋ ಆಗ ಕೊಂಡರಾಯಿತು. ಎಕ್ಸ್‌ಬಾಕ್ಸ್‌ಗೆ ಬೇಕಾದದ್ದು ಬೇರೆಯೇ ಆಕಾರದ ಕಾರ್ಡ್. ಆರಂಭದಲ್ಲಿ ಅದನ್ನು ಮಾಡುತ್ತಿದ್ದದ್ದು ಸೀಗೇಟ್ ಒಂದೇ, 1 ಟಿಬಿಗೆ 220 ಡಾಲರ್. 2023ರಲ್ಲಿ ವೆಸ್ಟರ್ನ್ ಡಿಜಿಟಲ್ ಅದೇ ಅಳತೆಯ ಕಾರ್ಡನ್ನು 150 ಡಾಲರಿಗೆ ತಂದಿತು, ಸೀಗೇಟ್ ಕೂಡ ಆ ಬೆಲೆಗೆ ಇಳಿಯಿತು. ಎರಡನೇ ಅಂಗಡಿ ತೆರೆದ ಕೂಡಲೇ 70 ಡಾಲರ್ ಇಳಿಯಿತಲ್ಲ! ಸೋನಿಗೂ ಮೈಕ್ರೋಸಾಫ್ಟ್‌ಗೂ ನಡೆದ ಜಗಳದಿಂದ ಆಗದ್ದು ಇದು. ಆ ಜಗಳ ನಾನು ಯಾವ ಕನ್ಸೋಲ್ ಮನೆಗೆ ತರುತ್ತೇನೆ ಎಂಬುದಕ್ಕೆ. ತಂದಾದ ಮೇಲೆ ನಾನು ಯಾರ ಗಿರಾಕಿ ಎಂಬುದು ತೀರ್ಮಾನವಾಗಿಬಿಟ್ಟಿತು.

ಡಿಸ್ಕ್ ಡ್ರೈವ್ ಇಲ್ಲದಿರುವುದು ಇನ್ನೂ ದೊಡ್ಡ ಕೊರತೆ. ಭಾವಮೈದುನ ಆಟ ಮುಗಿಸಿ ಡಿಸ್ಕ್ ಮಾರುತ್ತಾನೆ, ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಬೇರೆಯದು ತರುತ್ತಾನೆ. ಬೆಂಗಳೂರಿಗೆ ಬಂದರೆ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ಗೆ ಒಂದು ಸುತ್ತು ಕಡ್ಡಾಯ. ನನಗಿರುವುದು ಒಂದೇ ಅಂಗಡಿ, ಕನ್ಸೋಲಿನ ಒಳಗಿನದು. ಸೆಕೆಂಡ್ ಹ್ಯಾಂಡ್ ಇಲ್ಲ, ಚೌಕಾಸಿ ಇಲ್ಲ. ಬೇಸರದ ಸಂಗತಿ ಎಂದರೆ ಈ ವಿಷಯದಲ್ಲಿ ಇಬ್ಬರೂ ಒಂದೇ ದಾರಿ ಹಿಡಿದಿದ್ದಾರೆ. 2024ರ ಪಿಎಸ್5 ಪ್ರೊ ಡಿಸ್ಕ್ ಡ್ರೈವ್ ಇಲ್ಲದೆಯೇ ಬಂತು, ಬೇಕಾದವರು ಬೇರೆ ದುಡ್ಡು ಕೊಟ್ಟು ಕೊಳ್ಳಬೇಕು. ಡಿಜಿಟಲ್ ಆಟ ಮಾರಾಟವಾದಾಗಲೆಲ್ಲ ಇಬ್ಬರಿಗೂ ಕಮಿಷನ್ ಬರುತ್ತದೆ. ಇಬ್ಬರಿಗೂ ಲಾಭ ಇರುವ ಕಡೆ ಪೈಪೋಟಿ ಯಾಕೆ ಇದ್ದೀತು?

ಮೈಕ್ರೋಸಾಫ್ಟಿನ ಚಂದಾ ಯೋಜನೆ ಗೇಮ್ ಪಾಸ್ ಈ ಕೊರತೆಯನ್ನು ಬಹುಕಾಲ ಮರೆಸಿತ್ತು. ಹೊಸ ಆಟ ಬಿಡುಗಡೆಯ ದಿನವೇ ತಿಂಗಳ ಚಂದಾದೊಳಗೆ ಸಿಗುತ್ತಿದ್ದದ್ದು ನಿಜಕ್ಕೂ ದೊಡ್ಡ ಮಾತು. ಸೋನಿ 2022ರಲ್ಲಿ ತನ್ನ ಚಂದಾ ಯೋಜನೆ ಪಿಎಸ್ ಪ್ಲಸ್ಸನ್ನು ಮೂರು ಹಂತ ಮಾಡಿ ಆಟಗಳ ಭಂಡಾರ ಸೇರಿಸಿದ್ದೂ ಇದರ ಬಿಸಿಗೇ. ಆಮೇಲೆ ಗಾಳಿ ತಿರುಗಿತು. 2024ರಿಂದ ಮೈಕ್ರೋಸಾಫ್ಟ್ ತನ್ನ ಆಟಗಳನ್ನು ಪ್ಲೇಸ್ಟೇಷನ್‌ಗೂ ಕೊಡತೊಡಗಿತು. 2025ರ ಏಪ್ರಿಲ್‌ನಲ್ಲಿ ಕಾರ್ ರೇಸಿನ ಆಟ ಫೋರ್ಜಾ ಹೊರೈಜನ್ 5 ಕೂಡ ಅಲ್ಲಿಗೆ ಹೋಯಿತು. ಭಾವಮೈದುನ ಫೋನ್ ಮಾಡಿ, “ಭಾವ, ನಿಮ್ಮ ಕಾರು ನಮ್ಮನೆಗೂ ಬಂತು” ಎಂದ. ಅವನಿಗೆ ಸಿಕ್ಕಿದ್ದಕ್ಕೆ ನನಗೆ ಸಂತೋಷವೇ. ಆದರೆ ಅದೇ ಅಕ್ಟೋಬರಿನಲ್ಲಿ ಗೇಮ್ ಪಾಸ್‌ನ ಮೇಲಿನ ಹಂತವಾದ ಅಲ್ಟಿಮೇಟ್ ತಿಂಗಳಿಗೆ 829ರಿಂದ 1,389 ರೂಪಾಯಿಗೆ ಏರಿತು. ನಮ್ಮ ಮನೆಯ ಬ್ರಾಡ್‌ಬ್ಯಾಂಡ್ ಬಿಲ್ ಕೂಡ ಅಷ್ಟಿಲ್ಲ. ಕನ್ಸೋಲ್ ಮಾರುವ ಹಟ ತಣ್ಣಗಾದಂತೆ ಹಳೆಯ ಗಿರಾಕಿಯನ್ನು ಓಲೈಸುವ ಅಗತ್ಯವೂ ಕಡಿಮೆಯಾಯಿತು ಎಂದೇ ನಾನು ಓದಿಕೊಂಡಿದ್ದೇನೆ.

ಹಾಗಾಗಿ ನಾನು 499 ರೂಪಾಯಿಯ ಕೆಳಗಿನ ಹಂತ ಎಸೆನ್ಷಿಯಲ್‌ಗೆ ಇಳಿದೆ. ಶನಿವಾರ ರಾತ್ರಿ ಭಾವಮೈದುನನ ಜೊತೆ ಫುಟ್‌ಬಾಲ್ ಆಡಲು ಅದು ಸಾಕು. ಅವನು ಪಿಎಸ್5ನಲ್ಲಿ, ನಾನು ಇದರಲ್ಲಿ. 2018ರವರೆಗೆ ಇಂಥ ಕ್ರಾಸ್‌ಪ್ಲೇಗೆ ಸೋನಿ ಒಪ್ಪಿರಲಿಲ್ಲ. ಮಾರಾಟದಲ್ಲಿ ಮುಂದಿದ್ದವರಿಗೆ ಬಾಗಿಲು ತೆರೆಯುವ ಗರಜು ಇರಲಿಲ್ಲ. ಮೈಕ್ರೋಸಾಫ್ಟ್, ನಿಂಟೆಂಡೊ ಕೈಜೋಡಿಸಿದ್ದರಿಂದ, ಆಟಗಾರರು ಗಲಾಟೆ ಮಾಡಿದ್ದರಿಂದ, ಆ ಸೆಪ್ಟೆಂಬರಿನಲ್ಲಿ ಫೋರ್ಟ್‌ನೈಟ್‌ನಿಂದ ಶುರುವಾಗಿ ಬಾಗಿಲು ತೆರೆಯಿತು.

ಹೊಸದಾಗಿ ಕೊಳ್ಳುವವರಿಗೆ: ನನ್ನಂತೆ ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ಆಡುವವರಾದರೆ, ವರ್ಷಕ್ಕೆ ನಾಲ್ಕಾರು ಆಟ ಸಾಕೆನ್ನುವವರಾದರೆ, ಕ್ವಿಕ್ ರೆಸ್ಯೂಮ್‌ಗೋಸ್ಕರವಾದರೂ ಸೀರೀಸ್ ಎಸ್ ಈಗಲೂ ಒಳ್ಳೆಯದೇ. ತಿಂಗಳಿಗೊಂದು ಹೊಸ ಆಟ ಬೇಕು, ಆಡಿ ಮುಗಿಸಿ ಮಾರಬೇಕು ಎನ್ನುವವರು ಹೆಚ್ಚು ದುಡ್ಡು ಹೋದರೂ ಡಿಸ್ಕ್ ಡ್ರೈವ್ ಇರುವುದನ್ನೇ ಕೊಳ್ಳಿ. ಕೊಳ್ಳುವ ಮೊದಲು ಕನ್ಸೋಲಿನ ಬೆಲೆಯ ಜೊತೆಗೆ 1 ಟಿಬಿ ಹೆಚ್ಚುವರಿ ಜಾಗದ ಬೆಲೆ, ಒಂದು ವರ್ಷದ ಚಂದಾ ಎರಡನ್ನೂ ಒಂದೇ ಚೀಟಿಯಲ್ಲಿ ಬರೆದು ಕೂಡಿಸಿ ನೋಡಿ.