ಸಾವಿರ ತುಂಡಿನ ಎಡೊ ಪಜಲ್: ಅರ್ಧಕ್ಕರ್ಧ ಬರೀ ನೀರು

ಐದರಲ್ಲಿ ಮೂರೂವರೆ ಸ್ಟಾರ್. ಆನ್‌ಲೈನಲ್ಲಿ ತರಿಸಿದ ಜಿಗ್‌ಸಾ ಪಜಲ್, 1,199 ರೂಪಾಯಿ. ಚಿತ್ರ ಹಳೇ ಎಡೊ, ಅಂದರೆ ಈಗಿನ ಟೋಕಿಯೋದ ನಕ್ಷೆ. ದುರ್ಗಕ್ಕೆ ಬರೋಕೆ ಆರು ದಿನ ಹಿಡಿಯಿತು, ಡಬ್ಬದ ಮೂಲೆ ಜಜ್ಜಿತ್ತು.

ತುಂಡುಗಳು ದಪ್ಪ, ಕಚ್ಚಿಕೊಂಡರೆ ಬಿಡುವುದಿಲ್ಲ. ಹೊಳಪು ಮಾತ್ರ ಜಾಸ್ತಿ, ಟ್ಯೂಬ್‌ಲೈಟ್ ಕೆಳಗೆ ಬಣ್ಣವೇ ಗೊತ್ತಾಗಲ್ಲ, ಕಿಟಕಿ ಹತ್ತಿರ ಹಗಲಲ್ಲೇ ಜೋಡಿಸಿ. ಊರಿನ ಚಿತ್ರ ಅಂತ ಹೇಳಿ ಬರೀ ನೀಲಿ ತುಂಬಿಸಿದ್ದಾರಲ್ಲ ಅಂತ ಮೊದಲೆರಡು ದಿನ ಬೈದುಕೊಂಡೆ. ಆಮೇಲೆ ಓದಿದಾಗ ಗೊತ್ತಾಯಿತು, ಆ ಊರು ಎದ್ದಿದ್ದೇ ನೀರಿನ ಮೇಲೆ.

1590ರಲ್ಲಿ, ಆಗ ಜಪಾನನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಹಿದೆಯೋಶಿ, ತನ್ನ ಕೈಕೆಳಗಿನ ದೊಡ್ಡ ಪಾಳೇಗಾರ ತೊಕುಗಾವಾ ಇಯೆಯಾಸುವಿನ ಸ್ವಂತ ಸೀಮೆ ಕಿತ್ತುಕೊಂಡು ಅದಕ್ಕಿಂತ ದೊಡ್ಡ ಸೀಮೆ ಕೊಟ್ಟು ಅಲ್ಲಿಗೆ ಕಳಿಸಿದ. ಪ್ರಮೋಷನ್ ಕೊಟ್ಟು ಎತ್ತಂಗಡಿ ಮಾಡ್ತಾರಲ್ಲ, ಹಾಗೆ. ಅಲ್ಲಿದ್ದದ್ದು ಒಂದು ಹಳೇ ಕೋಟೆ, ಜೊಂಡು ಬೆಳೆದ ಜೌಗು, ಕೋಟೆ ಬುಡದ ತನಕ ಸಮುದ್ರ. ಇಯೆಯಾಸು ಮೊದಲು ಕಾಲುವೆ ತೋಡಿಸಿದ. ಉಪ್ಪು ದೋಣಿಯಲ್ಲೇ ಬರಬೇಕಲ್ವಾ? 1603ರಲ್ಲಿ ಅವನು ಶೋಗನ್, ಅಂದರೆ ದೇಶ ಆಳುವ ಸೇನಾಧಿಪತಿ, ಆದ ಮೇಲೆ ದೇಶದ ಪಾಳೇಗಾರರಿಗೆಲ್ಲ ಆಳು ಕಳಿಸಿ ಅಂತ ಹುಕುಂ ಹೋಯಿತು, ಕಾಂಡಾ ಗುಡ್ಡ ಕಡಿದು ಆ ಮಣ್ಣಿನಲ್ಲಿ ಹಿಬಿಯಾ ಕೊಲ್ಲಿ ಮುಚ್ಚಿಸಿದರು, ಕೋಟೆಗೆ ಇಜು ಕಡೆಯಿಂದ ಹಡಗಿನಲ್ಲಿ ಕಲ್ಲು ಬಂತು. ತೊನೆ ನದಿಯನ್ನು ಪೂರ್ವಕ್ಕೆ ತಿರುಗಿಸುವ ಕೆಲಸ ಮುಗಿಯುವಾಗ 1654, ಅವನು ಸತ್ತು 38 ವರ್ಷ. 18ನೇ ಶತಮಾನದಲ್ಲಿ ಅಲ್ಲಿ ಸುಮಾರು ಹತ್ತು ಲಕ್ಷ ಜನ. ಡಬ್ಬದ ಜೊತೆ ಬಂದ ಚೀಟಿಯಲ್ಲಿ ಇದರ ಕಾಲುಭಾಗವೂ ಇಲ್ಲ.

ಜೋಡಿಸೋಕೆ ಮಜಾ ಬಂದಿದ್ದು ಕಂದಕ. ಕೋಟೆ ಸುತ್ತಿ ಮುಚ್ಚಿಕೊಳ್ಳದೆ, ಬಸವನ ಹುಳುವಿನ ಚಿಪ್ಪಿನ ಹಾಗೆ ಸುತ್ತುತ್ತಾ ಸುತ್ತುತ್ತಾ ಹೊರಗೆ ಬಿಚ್ಚಿಕೊಳ್ಳುತ್ತದೆ. ಏಳು ಸುತ್ತಿನ ಕೋಟೆ ಕೆಳಗೆ ಬೆಳೆದ ನಮಗೆ ಸುತ್ತು ಅಂದರೆ ಶತ್ರುವನ್ನು ತಡೆಯೋ ಗೋಡೆ. ಅಲ್ಲಿ ಅದು ದೋಣಿ ಹೋಗೋ ದಾರಿಯೂ ಹೌದು. ಅಮ್ಮ ಬಗ್ಗಿ ನೋಡಿ, "ಗೋಪಾಲಸ್ವಾಮಿ ಹೊಂಡ ಕೋಡಿ ಬಿದ್ದು ಕೆಳಗಿನ ಹೊಂಡಕ್ಕೆ ಹರಿದ ಹಾಗಿದೆಯಲ್ಲೋ" ಅಂದರು.

ಅರ್ಧ ಸ್ಟಾರ್ ಕಡಿಮೆ ಆಗಿದ್ದು ಹೊಳಪಿಗೆ. ಇನ್ನೊಂದು ಪೂರ್ತಿ ಸ್ಟಾರ್ ಹೋಗಿದ್ದು ಇದಕ್ಕೆ: ಎಣಿಸಿದರೆ 999 ತುಂಡು. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರ ಇಲ್ಲ. ಖಾಲಿ ಉಳಿದದ್ದು ಸರಿಯಾಗಿ ಹಿಬಿಯಾ ಹತ್ತಿರ. ಹಳೇ ಮದುವೆ ಕಾರ್ಡ್ ಕತ್ತರಿಸಿ, ಸ್ಕೆಚ್ ಪೆನ್ನಲ್ಲಿ ಬಣ್ಣ ತುಂಬಿ, ಮುಚ್ಚಿದ್ದೇನೆ. ಹತ್ತಿರದಿಂದ ನೋಡಿದರೆ ಗಣೇಶನ ಸೊಂಡಿಲು ಕಾಣುತ್ತದೆ.