ವರ್ಷಪೂರ್ತಿ ಲಾನ್ ಕಾಂಟ್ರಾಕ್ಟ್ ಅಂತ ದುಡ್ಡು ಕಟ್ಟುವ ಮುಂಚೆ ಕಂಡಿಷನ್ ಓದಿ, ಒಳಗೆ ಹಿಮ ಇರಬಹುದು

ಆರ್.ಆರ್. ನಗರ, ನಾಗರಬಾವಿ, ಕೆಂಗೇರಿ ಕಡೆ ಮನೆ ಮುಂದೆ ಒಂದಿಷ್ಟು ಲಾನ್ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. "12 ತಿಂಗಳ ಲಾನ್ ಕೇರ್, ಒಂದೇ ಸಲ ಕಟ್ಟಿದರೆ 10% ಡಿಸ್ಕೌಂಟ್" ಅಂತ ಗೇಟಿಗೆ ಪಾಂಪ್ಲೆಟ್ ಸಿಕ್ಕಿಸಿ ಹೋಗುವ ಒಂದು ಕಂಪನಿ ಇದೆ. ಹಸಿರು ಟೀ ಶರ್ಟ್, ಕೈಯಲ್ಲಿ ಟ್ಯಾಬ್, ಬಾಯಿ ತುಂಬಾ ಸರ್ ಸರ್. ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯುವವರೆಗೆ ಬೇಡ ಅಂತ ವಕೀಲರಾಗಿರುವ ನಮ್ಮ ಭಾವ ಹೇಳಿದ್ದಾರೆ. ಹೆಸರಿನಿಂದ ಉಪಯೋಗವೂ ಇಲ್ಲ ಬಿಡಿ. ಇವತ್ತು ಈ ಬೋರ್ಡ್, ನಾಳೆ ಇನ್ನೊಂದು ಬೋರ್ಡ್.

ನನಗೆ ಹಾಕಿದ ಟೋಪಿ 32,400 ರೂಪಾಯಿಯದು. ತಿಂಗಳಿಗೆ 3,000ದಂತೆ 36,000, ಡಿಸ್ಕೌಂಟ್ ಹೋಗಿ ಇಷ್ಟು. ದುಡ್ಡು ಹೋಗಿದ್ದಕ್ಕಿಂತ ಅವರು ಕೊಟ್ಟ ಉತ್ತರಗಳಿವೆಯಲ್ಲ, ಅವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಮ್ಮದು 60-40 ಸೈಟು. ಮುಂದೆ ಸುಮಾರು 500 ಚದರಡಿ ಮೆಕ್ಸಿಕನ್ ಹುಲ್ಲು. ಮೊದಲು ಕನಕಪುರದ ಕಡೆಯ ಒಬ್ಬರು ವಯಸ್ಸಾದ ಮಾಲಿ ಬರುತ್ತಿದ್ದರು, ತಿಂಗಳಿಗೆ 1,200 ತೆಗೆದುಕೊಳ್ಳುತ್ತಿದ್ದರು. ಕುಕ್ಕರಗಾಲಲ್ಲಿ ಕೂತು ಕೊನ್ನಾರಿ ಅನ್ನುವ ಕಳೆಯ ಗಡ್ಡೆಯನ್ನು ಒಂದೊಂದಾಗಿ ಅಗೆದು ತೆಗೆಯುತ್ತಿದ್ದರು. ಅವರು ಊರಿಗೆ ವಾಪಸ್ ಹೋದರು. 2024ರ ಆಗಸ್ಟ್ ಅದು. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿ ಬಂದವರಿಗೆಲ್ಲ ಒಂದು ವಾರ ತೋಟದ ಹುಚ್ಚು ಹಿಡಿಯುತ್ತದೆ, ಗೊತ್ತಲ್ಲ. ಇವರಿಗೂ ಅದು ಗೊತ್ತಿತ್ತು ಅಂತ ಕಾಣುತ್ತದೆ. ಸರಿಯಾಗಿ ಅದೇ ವಾರ ಬಂದರು.

"ಸರ್, ಮಾಲಿ ಇವತ್ತು ಬರ್ತಾನೆ, ನಾಳೆ ಬರಲ್ಲ. ನಮ್ದು ಸಿಸ್ಟಮ್ ಸರ್. ಅಮೆರಿಕಾ, ಕೆನಡಾ ಎಲ್ಲಾ ಕಡೆ ಇದೇ ಮಾಡೆಲ್. ಆಲ್ ಸೀಸನ್ ಕೇರ್. ಮಳೆ ಇರಲಿ, ಚಳಿ ಇರಲಿ, ಬೇಸಿಗೆ ಇರಲಿ, ನೀವು ತಲೆನೇ ಕೆಡಿಸ್ಕೋಬೇಡಿ."

ಈ ಮಾತು ನೆನಪಿಟ್ಟುಕೊಳ್ಳಿ. ಮಳೆ ಇರಲಿ, ಚಳಿ ಇರಲಿ, ಬೇಸಿಗೆ ಇರಲಿ. ಮೂರಕ್ಕೂ ಒಂದೊಂದು ಕಥೆ ಇದೆ.

ಸೆಪ್ಟೆಂಬರ್‌ನಲ್ಲಿ ಬಂದರು ಅಂತಲೇ ಇಟ್ಟುಕೊಳ್ಳಿ. ಒಬ್ಬ ಹುಡುಗ, ಹವಾಯಿ ಚಪ್ಪಲಿ, ಕಣ್ಣಿಗೆ ಕನ್ನಡಕ ಇಲ್ಲ, ಹೆಗಲಿಗೆ ಪೊದೆ ಕತ್ತರಿಸುವ ಬ್ರಷ್ ಕಟರ್. ಲಾನ್ ಮೂವರ್ ಎಲ್ಲಪ್ಪಾ ಅಂದರೆ "ಸರ್ವಿಸ್‌ಗೆ ಹೋಗಿದೆ ಅಂಕಲ್" ಅಂದ. ಹುಲ್ಲನ್ನು ಒಂದು ಸಲಕ್ಕೆ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬಾರದು. ತೋಟ ಇಟ್ಟವರಿಗೆಲ್ಲ ಗೊತ್ತಿರುವ ವಿಷಯ ಇದು. ಆ ಹುಡುಗ ಕೆಮ್ಮಣ್ಣು ಕಾಣುವವರೆಗೆ ಬೋಳಿಸಿಬಿಟ್ಟ. ಕಾಂಪೌಂಡ್ ಗೋಡೆಯ ಬುಡಕ್ಕೆಲ್ಲ ಮಣ್ಣು ಸಿಡಿದು ಕೆಂಪು ಚುಕ್ಕೆ. ಕೊನ್ನಾರಿ ಗಡ್ಡೆಯ ತಲೆ ಮಾತ್ರ ಹಾರಿಸಿದ. ಗಡ್ಡೆ ನೆಲದೊಳಗೆ ಹಾಗೇ ಇತ್ತು. ಮೆಕ್ಸಿಕನ್ ಹುಲ್ಲು ನಿಧಾನದ್ದು, ಚೇತರಿಸಿಕೊಳ್ಳೋಕೆ ಟೈಮ್ ಬೇಕು. ಕೊನ್ನಾರಿಗೆ ಅದೇನೂ ಬೇಡ. ವಾರದೊಳಗೆ ಬೋಳಾದ ಜಾಗದಲ್ಲೆಲ್ಲ ಅದೇ ಚೂಪಾಗಿ ಎದ್ದು ನಿಂತಿತು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಕಲಿಸಿಲ್ಲ. ದಿನಕ್ಕೆ ಇಷ್ಟು ಮನೆ ಮುಗಿಸು ಅಂತ ಕಳಿಸಿದ್ದಾರೆ, ಅಷ್ಟೇ.

ಫೋನ್ ಮಾಡಿ ಇದನ್ನೇ ಹೇಳಿದೆ. "ಸರ್, ರೇನಿ ಸೀಸನ್, ಹುಲ್ಲು ಒದ್ದೆ ಇರುತ್ತೆ. ಒದ್ದೆ ಹುಲ್ಲಲ್ಲಿ ಮೂವರ್ ಓಡಿಸಿದ್ರೆ ಹುಲ್ಲು ಹರಿದು ಹೋಗುತ್ತೆ. ಡ್ರೈ ಆದ್ಮೇಲೆ ಬರ್ತೀವಿ." ಒದ್ದೆ ಹುಲ್ಲಿಗೆ ಮೂವರ್ ಹಾಕಬಾರದು, ಸರಿ, ಒಪ್ಪಿದೆ. ಆದರೆ ನಮ್ಮ ಬೆಂಗಳೂರಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಬರುವುದು ಹೆಚ್ಚಾಗಿ ಸಾಯಂಕಾಲ, ರಾತ್ರಿ. ಬೆಳಿಗ್ಗೆ ಹನ್ನೊಂದಕ್ಕೆಲ್ಲ ಬಿಸಿಲು ಬಿದ್ದು ಹುಲ್ಲು ಒಣಗಿರುತ್ತದೆ. ಬೆಳಿಗ್ಗೆ ಬನ್ನಿ ಅಂದೆ. "ಸ್ಲಾಟ್ ಇಲ್ಲ ಸರ್." ಮುಗಿಯಿತು.

ನವೆಂಬರ್ ಮೊದಲ ವಾರ ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು. ಇದನ್ನು ಎಷ್ಟು ಜನರಿಗೆ ತೋರಿಸಿದ್ದೇನೋ ಲೆಕ್ಕವಿಲ್ಲ. "ಡಿಯರ್ ಸರ್, ನಿಮ್ಮ ಲಾನ್ ಈಗ ಡಾರ್ಮೆಂಟ್ ಸೀಸನ್‌ನಲ್ಲಿದೆ. ಸರ್ವಿಸ್ ಏಪ್ರಿಲ್ 1ರಿಂದ ಮುಂದುವರಿಯುತ್ತದೆ. ಹ್ಯಾಪಿ ವಿಂಟರ್!" ಕೊನೆಗೆ ಒಂದು ಹಿಮದ ಗೊಂಬೆ. ಕ್ಯಾರೆಟ್ ಮೂಗು, ಕೊರಳಿಗೆ ಮಫ್ಲರ್.

ಆರ್.ಆರ್. ನಗರಕ್ಕೆ ಹಿಮದ ಗೊಂಬೆ!

ಡಾರ್ಮೆಂಟ್ ಅಂದರೆ ಹುಲ್ಲು ಬೆಳವಣಿಗೆ ನಿಲ್ಲಿಸಿ ಸುಮ್ಮನೆ ಮಲಗುವುದು. ಬೆಂಗಳೂರಲ್ಲಿ ಡಿಸೆಂಬರ್‌ನಲ್ಲೂ ಹಗಲು 26-27 ಡಿಗ್ರಿ ಇರುತ್ತದೆ. ಬೆಳೆಯುವ ವೇಗ ಸ್ವಲ್ಪ ಕಡಿಮೆ ಆಗಬಹುದು, ಮಲಗಲ್ಲ. ಆ ಒಣ ಹವೆಯಲ್ಲೇ ನೀರು, ಗೊಬ್ಬರ, ಕಳೆ ಎಲ್ಲ ನೋಡಿಕೊಳ್ಳಬೇಕಾದ್ದು. ಫೋನ್ ಮಾಡಿದೆ. ಈ ಸಲ ಒಬ್ಬ ಹುಡುಗಿ.

"ಸರ್, ಕಾಂಟ್ರಾಕ್ಟ್‌ನಲ್ಲಿ ಕಂಡಿಷನ್ 7 ನೋಡಿ ಸರ್."

"ಐದು ತಿಂಗಳು ಬರದೇ ಇದ್ದರೆ ಐದು ತಿಂಗಳ ದುಡ್ಡು ಯಾಕಮ್ಮ?"

"ಅದು ಆಲ್ ಸೀಸನ್ ಪ್ಯಾಕೇಜ್ ಸರ್."

ಆಗ ಕಾಂಟ್ರಾಕ್ಟ್ ತೆಗೆದು ಕೂತೆ. ಇಂತಹ ಎಎಂಸಿ, ಅಂದರೆ ವರ್ಷದ ನಿರ್ವಹಣೆ ಒಪ್ಪಂದದ ಕಾಗದ ಯಾರು ಪೂರ್ತಿ ಓದುತ್ತಾರೆ? ವಾಟರ್ ಫಿಲ್ಟರ್, ಯುಪಿಎಸ್, ಲಿಫ್ಟು, ಎಲ್ಲದಕ್ಕೂ ಸೈನ್ ಮಾಡಿ ಫೈಲಿಗೆ ಹಾಕುವುದು ತಾನೆ? ಇಂಗ್ಲಿಷಲ್ಲಿ ನಾಲ್ಕು ಪುಟ, ಸಣ್ಣ ಅಕ್ಷರ. ಕಂಡಿಷನ್ 7ರ ಸಾರಾಂಶ: ನವೆಂಬರ್‌ನಿಂದ ಮಾರ್ಚ್‌ವರೆಗೆ ಹುಲ್ಲು ಡಾರ್ಮೆಂಟ್, ಆಗ ಕತ್ತರಿಸುವ ಕೆಲಸ ಇರುವುದಿಲ್ಲ, ಆ ಅವಧಿಯಲ್ಲಿ ಕಂಡಿಷನ್ 11ರ ಸೇವೆ ಕೊಡಲಾಗುವುದು.

ಪುಟ ತಿರುಗಿಸಿದೆ. ಕಂಡಿಷನ್ 11. ಸ್ನೋ ರಿಮೂವಲ್.

ಹೌದು. ಹಿಮ ತೆಗೆಯುವುದು. ಡ್ರೈವ್‌ವೇ ಮೇಲೆ 2 ಇಂಚಿಗಿಂತ ಜಾಸ್ತಿ ಹಿಮ ಬಿದ್ದರೆ ಮಾತ್ರ ಗಾಡಿ ಬರುತ್ತದಂತೆ. ಹಿಮ ಕರಗಿಸೋಕೆ ಮೆಟ್ಟಿಲಿಗೆ ಉಪ್ಪು ಹಾಕಿಸಬೇಕಾದರೆ ಬೇರೆ ಚಾರ್ಜ್ ಅಂತೆ. ಇನ್ನೊಮ್ಮೆ ಹೇಳುತ್ತೇನೆ, ಇದು ಆರ್.ಆರ್. ನಗರದ ಮನೆಗೆ ಮಾಡಿಕೊಟ್ಟ ಕಾಂಟ್ರಾಕ್ಟ್. ಇದುವರೆಗೆ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಕೊನೆಯ ಪುಟದಲ್ಲಿ "ಬೆಂಗಳೂರು" ಅನ್ನುವ ಪದ ಮಾತ್ರ ಬೇರೆ ಫಾಂಟ್‌ನಲ್ಲಿ, ಉಳಿದ ಅಕ್ಷರಕ್ಕಿಂತ ಸ್ವಲ್ಪ ದಪ್ಪ. ಯಾವುದೋ ಊರಿನ ಹೆಸರು ಅಳಿಸಿ ನಮ್ಮೂರ ಹೆಸರು ಕೂರಿಸಿದ್ದಾರೆ. ಅಷ್ಟೇ ಅವರ ಶ್ರಮ. ಹೆಂಡತಿ ಓದಿ ಮೊದಲು ನಕ್ಕಳು. ಆಮೇಲೆ "ಎಷ್ಟು ಕಟ್ಟಿದ್ರಿ ಅಂದ್ರಿ?" ಅಂದಳು. ಆಮೇಲೆ ನಗಲಿಲ್ಲ.

ಅಕ್ಕನ ಮಗ ಅಮೆರಿಕಾದ ಮಿನಿಯಾಪೊಲಿಸ್‌ನಲ್ಲಿದ್ದಾನೆ. ಅವನಿಗೆ ಫೋಟೋ ಕಳಿಸಿದೆ. "ಮಾಮ, ಇದು ಇಲ್ಲಿನ ಕಾಂಟ್ರಾಕ್ಟ್ ಕಾಪಿ ಹೊಡೆದಿದ್ದಾರೆ" ಅಂದ. ಅಲ್ಲಿ ಇದು ನ್ಯಾಯವಾದ ವ್ಯವಹಾರ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುತ್ತಾರೆ, ಎಲೆ ಉದುರುವ ಕಾಲದಲ್ಲಿ ಎಲೆ ಗುಡಿಸುತ್ತಾರೆ, ಚಳಿ ಬಂದರೆ ಅದೇ ಪಿಕಪ್ ಗಾಡಿಯ ಮೂತಿಗೆ ದೊಡ್ಡ ತಗಡಿನ ಹಲಗೆ ಕಟ್ಟಿ ಹಿಮ ತಳ್ಳುತ್ತಾರೆ. ಚಳಿಗಾಲದಲ್ಲಿ ಅಲ್ಲಿ ಮಣ್ಣೇ ಹೆಪ್ಪುಗಟ್ಟಿ ಕಲ್ಲಾಗಿರುತ್ತದೆ, ಹುಲ್ಲು ನಿಜವಾಗಿ ಮಲಗುತ್ತದೆ. ಕೆಲವರು ಸೀಸನ್‌ಗೆ ಇಷ್ಟು ಅಂತ ಕಟ್ಟುತ್ತಾರೆ, ಕೆಲವರು ಗಾಡಿ ಬಂದಷ್ಟು ಸಲಕ್ಕೆ ಕೊಡುತ್ತಾರೆ. ಎಷ್ಟು ಇಂಚು ಬಿದ್ದರೆ ಗಾಡಿ ಬರಬೇಕು ಅನ್ನುವುದನ್ನು ಮೊದಲೇ ಬರೆದುಕೊಳ್ಳುತ್ತಾರೆ. ಅವನ ಊರಲ್ಲಿ ಹಿಮ ನಿಂತ 24 ಗಂಟೆಯೊಳಗೆ ಮನೆ ಮುಂದಿನ ಫುಟ್‌ಪಾತ್ ಖಾಲಿ ಮಾಡದಿದ್ದರೆ ನಗರಪಾಲಿಕೆಯವರು ಮಾಡಿಸಿ ಮನೆಯವರಿಗೆ ಬಿಲ್ ಹಾಕುತ್ತಾರಂತೆ. ಅಲ್ಲಿ ಐದು ತಿಂಗಳ ದುಡ್ಡಿಗೆ ಐದು ತಿಂಗಳ ಕೆಲಸ ಇದೆ. ಇಲ್ಲಿ ಐದು ತಿಂಗಳ ದುಡ್ಡಿಗೆ ಒಂದು ಹಿಮದ ಗೊಂಬೆ.

ಮ್ಯಾನೇಜರ್ ಅನ್ನಿಸಿಕೊಂಡವನ ಹತ್ತಿರ ಮಾತಾಡಿದೆ. ಸ್ನೋ ಅಂತ ಯಾಕಿದೆ ಅಂದರೆ ಅವನ ಉತ್ತರ, ಒಂದಕ್ಷರ ಬಿಡದೆ: "ಸರ್, ಬೆಂಗಳೂರಲ್ಲಿ ಸ್ನೋ ಬೀಳಲ್ಲ, ಅದಕ್ಕೆ ನಿಮಗೆ ಅದರ ಚಾರ್ಜ್ ಹಾಕಿಲ್ಲ. ಅದು ಕಾಂಪ್ಲಿಮೆಂಟರಿ."

ಕಾಂಪ್ಲಿಮೆಂಟರಿ! ಬೀಳದ ಹಿಮವನ್ನು ಪುಕ್ಕಟೆ ತೆಗೆದುಕೊಡುತ್ತಾರಂತೆ.

ಇಷ್ಟಕ್ಕೇ ನಿಲ್ಲಲಿಲ್ಲ. ಗೇಟಿನ ಪಕ್ಕ ಒಂದು ಪಟ್ಟಿ ಹುಲ್ಲು ಪೂರ್ತಿ ಸುಟ್ಟುಹೋಯಿತು, ಮೊದಲು ಬೋಳಿಸಿದ್ದ ಅದೇ ಜಾಗ. ಬದಲಿಸಿಕೊಡಿ ಅಂದೆ. ಒಣಗಿದ ಹುಲ್ಲು ಬದಲಿಸಿಕೊಡುತ್ತೇವೆ ಅಂತ ಪಾಂಪ್ಲೆಟ್‌ನಲ್ಲೇ ಇದೆ. ಉತ್ತರ: "ಸಾಲ್ಟ್ ಡ್ಯಾಮೇಜ್ ಕವರ್ ಆಗಲ್ಲ ಸರ್." ಯಾವ ಸಾಲ್ಟ್? "ನಿಮ್ಮದು ಬೋರ್‌ವೆಲ್ ನೀರು ತಾನೆ ಸರ್? ಅದರಲ್ಲಿ ಸಾಲ್ಟ್ ಇರುತ್ತೆ." ಅಕ್ಕನ ಮಗನನ್ನು ಕೇಳಿದರೆ, ಆ ಕಂಡಿಷನ್ ಇರುವುದು ರಸ್ತೆಗೆ, ಮೆಟ್ಟಿಲಿಗೆ ಹಿಮ ಕರಗಿಸೋಕೆ ಹಾಕುವ ಉಪ್ಪಿಗೆ. ಆ ಉಪ್ಪು ಹಿಮದ ಜೊತೆ ಲಾನ್ ಅಂಚಿಗೆ ಬಂದು ಬಿದ್ದರೆ ಹುಲ್ಲು ಸಾಯುತ್ತದೆ. ಅಲ್ಲಿಯ ರಸ್ತೆ ಉಪ್ಪನ್ನು ನಮ್ಮ ಬೋರ್‌ವೆಲ್‌ಗೆ ತಂದು ಸುರಿದರು. ನಮ್ಮ ನೀರು ಗಡಸು, ನಿಜ. ಅದೇ ನೀರಲ್ಲಿ ಅದೇ ಹುಲ್ಲು ಇಷ್ಟು ವರ್ಷ ಹಸಿರಾಗೇ ಇತ್ತಲ್ಲ?

ಏಪ್ರಿಲ್ ಬಂತು. ನಿದ್ದೆ ಮುಗಿದಿರಬೇಕು ಅಂತ ಫೋನ್ ಮಾಡಿದೆ. ಈಗ ಹೊಸದು. ಆ ವರ್ಷ ಫೆಬ್ರವರಿಯಲ್ಲಿ ಜಲಮಂಡಳಿಯವರು ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯೋಕೆ ಬಳಸಿದರೆ 5,000 ದಂಡ ಅಂತ ಆದೇಶ ಮಾಡಿದ್ದರು. 2024ರ ಮಾರ್ಚ್‌ನಲ್ಲೂ ಮಾಡಿದ್ದರು, ನೆನಪಿರಬಹುದು. "ಗವರ್ನಮೆಂಟ್ ಆರ್ಡರ್ ಇದೆ ಸರ್, ಲಾನ್ ಕೆಲಸ ಮಾಡೋ ಹಾಗಿಲ್ಲ." ಆದೇಶ ಇದ್ದದ್ದು ಕುಡಿಯುವ ನೀರು ಸುರಿಯಬೇಡಿ ಅಂತ. ಕಳೆ ಕೀಳಬೇಡಿ, ಗೊಬ್ಬರ ಹಾಕಬೇಡಿ ಅಂತ ಅಲ್ಲ. ಈಗಷ್ಟೇ ನನ್ನ ಬೋರ್‌ವೆಲ್ ಮೇಲೆ ತಪ್ಪು ಹೊರಿಸಿದವರು ಈಗ ಕಾವೇರಿ ನೀರಿನ ಆದೇಶ ತೋರಿಸುತ್ತಿದ್ದಾರೆ! ಇದನ್ನೇ ಹೇಳಿದೆ. "ಟ್ಯಾಂಕರ್ ನೀವು ತರಿಸಿದ್ರೆ ನಮ್ಮ ಟೀಮ್ ಬರುತ್ತೆ ಸರ್." ಟ್ಯಾಂಕರ್ ನಾನು ತರಿಸುವುದು, ನೀರು ಯಾರು ಹಾಕುವುದು ಅಂತ ಕೇಳಲಿಲ್ಲ. ಕೇಳಿದ್ದರೆ ನೀವೇ ಅಂತಿದ್ದರು.

ಜೂನ್‌ನಲ್ಲಿ ಮಳೆ. ಹುಲ್ಲು ಒದ್ದೆ. ಅಲ್ಲಿಗೆ ಹೊರಟ ಜಾಗಕ್ಕೇ ವಾಪಸ್ ಬಂದೆವು.

ಕೊನೆಗೆ ಕೇಳಿಯೇ ಬಿಟ್ಟೆ. ಮಳೆಗಾಲದಲ್ಲಿ ಒದ್ದೆ, ಚಳಿಗಾಲದಲ್ಲಿ ನಿದ್ದೆ, ಬೇಸಿಗೆಯಲ್ಲಿ ಆರ್ಡರ್. ಹಾಗಾದರೆ ನೀವು ಬರುವುದು ಯಾವಾಗಪ್ಪ?

"ಅಕ್ಟೋಬರ್ ಎಂಡ್ ಐಡಿಯಲ್ ಸರ್."

"ನನ್ನ ಕಾಂಟ್ರಾಕ್ಟ್ ಆಗಸ್ಟಿಗೆ ಮುಗಿಯುತ್ತಲ್ಲ?"

"ರಿನ್ಯೂ ಮಾಡ್ಸಿ ಸರ್. ಹಳೇ ಕಸ್ಟಮರ್‌ಗೆ 15% ಡಿಸ್ಕೌಂಟ್ ಇದೆ."

ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಕಿವಿ ಬಿಸಿಯಾಗಿತ್ತು. ಪಕ್ಕದ ಮನೆ ಮೇಷ್ಟ್ರು ಕಾಂಪೌಂಡ್ ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದರು. ಈಗ ಸಿಕ್ಕಾಗಲೆಲ್ಲ "ಏನ್ ಸಾರ್, ಹಿಮ ಬಿತ್ತಾ?" ಅಂತಾರೆ.

ನನಗೆ ಅನ್ನಿಸುವುದು ಇಷ್ಟು. ಲಾನ್ ಕೆಲಸಕ್ಕೆ ವರ್ಷದ ಅಡ್ವಾನ್ಸ್ ಕೊಡಲೇಬೇಡಿ, ಯಾರೇ ಇರಲಿ, ಎಷ್ಟೇ ಡಿಸ್ಕೌಂಟ್ ಇರಲಿ. ತಿಂಗಳಿಗೆ ಎಷ್ಟು ಸಲ ಬರುತ್ತಾರೆ, ಬರದಿದ್ದರೆ ಎಷ್ಟು ಕಡಿತ, ಇವೆರಡನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಗೇಟ್ ಹಾಕಿಕೊಳ್ಳಿ. "ಸೀಸನ್" ಅನ್ನುವ ಪದ ಎಲ್ಲಿ ಕಂಡರೂ ಯಾವ ತಿಂಗಳು ಅಂತ ಕೇಳಿ. ಬಂದಾಗ, ಹೋದಾಗ ಫೋಟೋ ತೆಗೆದಿಡಿ. ನನ್ನ ಹತ್ತಿರ ಆ ಬೋಳು ಜಾಗದ ಫೋಟೋ ಇದ್ದಿದ್ದರಿಂದಲೇ ಈಗ ಅವರು ಸ್ವಲ್ಪ ಮೆತ್ತಗಾಗಿರುವುದು. ಒಳ್ಳೆಯ ಮಾಲಿ ಸಿಕ್ಕರೆ ಕೇಳಿದ್ದು ಕೊಟ್ಟು ಉಳಿಸಿಕೊಳ್ಳಿ, ನೂರಿನ್ನೂರಕ್ಕೆ ಚೌಕಾಸಿ ಮಾಡಬೇಡಿ.

ಆಗಲೇ ಕಟ್ಟಿಬಿಟ್ಟಿರುವವರು 1915ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಆನ್‌ಲೈನ್‌ನಲ್ಲೇ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು, ಸುಮ್ನೆ ಮುಂದಕ್ಕೆ ಹಾಕಬೇಡಿ.

ನಾನು 1915ಕ್ಕೆ ದೂರು ಕೊಟ್ಟ ಮೇಲೆ ಕಂಪನಿಯಿಂದ ತಾವಾಗೇ ಫೋನ್ ಬಂತು. ನವೆಂಬರ್‌ನಿಂದ ಮಾರ್ಚ್‌ವರೆಗಿನ 13,500 ವಾಪಸ್ ಕೇಳಿದ್ದೇನೆ. ಅವರು 4,000 ಕೊಡುತ್ತಾರಂತೆ, ಅದೂ ಮುಂದಿನ ವರ್ಷದ ಕಾಂಟ್ರಾಕ್ಟ್‌ನಲ್ಲಿ ಕಳೆಯುತ್ತಾರಂತೆ. ಆಗಲ್ಲ ಅಂದಿದ್ದೇನೆ. ಇದೇ ಹಸಿರು ಟೀ ಶರ್ಟಿನವರಿಗೆ ದುಡ್ಡು ಕಟ್ಟಿರುವವರು ಇದ್ದರೆ ತಿಳಿಸಿ, ಒಟ್ಟಿಗೆ ದೂರು ಕೊಡೋಣ. ಕಂಡಿಷನ್ 7 ಮತ್ತು 11 ಮೊದಲು ತೆಗೆದು ನೋಡಿ. ಉಪ್ಪಿನದ್ದು ಕೊನೆಯ ಪುಟದ ಕೆಳಗಿದೆ.